ಅಮ್ಮ ಬರೆಸದೆ ಬಿಟ್ಟ ಸಾಲು

ನಮ್ಮಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಬೆನ್ನ ಹಿಂದೆ ಆಡುವ ಮಾತಲ್ಲ ಇದು. ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ. ಪಕ್ಕದ ಮನೆಯವರ ಬಟ್ಟೆ ನಮ್ಮದಕ್ಕಿಂತ ಮೊದಲು ಒಣಗಿದರೆ ಅವಳಿಗೆ ಸಂಕಟ. "ಅವರಿಗೇನು ಬೇರೆ ಸೂರ್ಯನಾ?" ಎನ್ನುತ್ತ ನಮ್ಮ ಒದ್ದೆ ಟವೆಲನ್ನು ಕೊಡವುತ್ತಿದ್ದಳು. ದೊಡ್ಡಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ ಎಂದು ಒಂದು ವಾರ ದೊಡ್ಡಮ್ಮನ ಜೊತೆ ಮಾತು ಬಿಟ್ಟಿದ್ದಳು. ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದ ನಮ್ಮಪ್ಪ ನಗುವುದಕ್ಕೆ ಕಾರಣ ಹುಡುಕುತ್ತಿದ್ದ ಮನುಷ್ಯ. "ನೆಂಟರಿಗೆ ಜ್ವರ ಬಂದ್ರೂ, ನಮಗಿಂತ ಒಂದು ಡಿಗ್ರಿ ಜಾಸ್ತಿ ಯಾಕೆ ಬಂತು ಅಂತ ಕೇಳ್ತಾಳೆ ನಿಮ್ಮಮ್ಮ" ಎನ್ನುತ್ತಿದ್ದರು.

ಅವಳ ಮಗಳಾದ ನಾನೇನು ಕಡಿಮೆಯಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅವಳದು ಊರಿಗೆಲ್ಲ ಹಂಚಿದ ಹೊಟ್ಟೆಕಿಚ್ಚು. ನನ್ನದು ಒಬ್ಬಳ ಮೇಲೆ ಮಾತ್ರ ಇತ್ತು. ಆ ಒಬ್ಬಳ ಕಥೆ ಹೇಳದೆ ಅಮ್ಮನ ಕಥೆ ಹೇಳಲು ಬರುವುದಿಲ್ಲ.

ಅಮ್ಮ ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಆಯಾ ಆಗಿದ್ದಳು. ನೆಲ ಅಂತಸ್ತಿನ ಕೊನೆಯಲ್ಲಿ, ಆಟದ ಸಾಮಾನು ತುಂಬಿಡುವ ಕೋಣೆಯ ಪಕ್ಕದಲ್ಲಿ, ವಿಶೇಷ ಮಕ್ಕಳ ಕೋಣೆ. ಅಲ್ಲಿ ಏಳು ಮಕ್ಕಳು, ಒಬ್ಬರು ಟೀಚರ್, ಒಬ್ಬಳು ಅಮ್ಮ. ಆ ಟೀಚರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು, ಆಕೆ ಇದ್ದದ್ದು ಅಮ್ಮನ ಭುಜದಷ್ಟೇ ಎತ್ತರವಾದರೂ. ಕೋಣೆಯಲ್ಲಿ ಗಿಡ್ಡ ಮೇಜು, ಚಾಪೆಗಳು, ಮಣಿ ಪೋಣಿಸುವ ಡಬ್ಬಿ, ಗುಂಡಿ ಹಾಕಲು, ಲೇಸು ಕಟ್ಟಲು ಕಲಿಸುವ ಒಂದು ಹಲಗೆ. ಗೋಡೆಯ ಮೇಲೆ ಆ ದಿನದ ಕೆಲಸಗಳ ಚಿತ್ರಗಳನ್ನು ಸಾಲಾಗಿ ಅಂಟಿಸುತ್ತಿದ್ದರು: ಕೈ ತೊಳೆಯುವುದು, ಬರೆಯುವುದು, ಊಟ, ಆಟ. ಮುಗಿದ ಕೆಲಸದ ಚಿತ್ರವನ್ನು ಮಕ್ಕಳೇ ಕಿತ್ತು ಚೀಲಕ್ಕೆ ಹಾಕಬೇಕು. ಪಾಠ ಹೇಳುವುದು ದೊಡ್ಡ ಟೀಚರ ಕೆಲಸ. ಮೂಗು ಒರೆಸುವುದು, ಬಟ್ಟೆ ಬದಲಿಸುವುದು, ಪೆನ್ಸಿಲ್ ಹಿಡಿಸುವುದು, ಕಚ್ಚಿದರೆ ಕಚ್ಚಿಸಿಕೊಳ್ಳುವುದು ಅಮ್ಮನ ಕೆಲಸ.

ನಾನೂ ಅದೇ ಶಾಲೆಯಲ್ಲಿ ಓದುತ್ತಿದ್ದೆ, ಮಹಡಿಯ ಮೇಲೆ. ಮೂರೂವರೆಗೆ ನನಗೆ ಬಿಡುತ್ತಿತ್ತು. ಅಮ್ಮ ಕೋಣೆ ಗುಡಿಸಿ, ಚಾಪೆ ಮಡಿಸಿ ಹೊರಡುವಾಗ ನಾಲ್ಕೂವರೆ. ಆ ಒಂದು ಗಂಟೆ ನಾನು ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡಬೇಕು. ಆಗ ಅಲ್ಲಿ ಇನ್ನೂ ಒಬ್ಬ ಹುಡುಗಿ ಇರುತ್ತಿದ್ದಳು. ಅವಳ ಅಪ್ಪ ಬೀಗ ರಿಪೇರಿ ಮಾಡುವವರು. ಅಂಗಡಿ ಬಿಟ್ಟು ಬರುವುದು ತಡವಾಗುತ್ತಿತ್ತು. ನನಗಿಂತ ಒಂದು ವರ್ಷ ದೊಡ್ಡವಳು. ಏನು ಹೇಳಿದರೂ ಮೊದಲು "ತಾಳು" ಎನ್ನುತ್ತಿದ್ದಳು. ನೀರು ಕುಡಿ ಎಂದರೆ ತಾಳು, ಎದ್ದೇಳು ಎಂದರೆ ತಾಳು. ಹಾಗಾಗಿ ಶಾಲೆಯವರೆಲ್ಲ ಅವಳನ್ನು ತಾಳಕ್ಕ ಎಂದೇ ಕರೆಯುತ್ತಿದ್ದರು.

ತಾಳಕ್ಕನಿಗೆ ಓದಲು ಬರುತ್ತಿತ್ತು, ಕೂಡಲು ಕಳೆಯಲು ಬರುತ್ತಿತ್ತು, ಕೇಳಿದ ಕಥೆಯನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಆದರೆ ಬರೆಯುವುದಕ್ಕೆ ಶುರು ಮಾಡಲು ಮಾತ್ರ ಆಗುತ್ತಿರಲಿಲ್ಲ. ಪೆನ್ಸಿಲ್ ಹಾಳೆಯ ಮೇಲಿಟ್ಟು ಅರ್ಧ ಗಂಟೆ ಹಾಗೇ ಕೂರುತ್ತಿದ್ದಳು. ಆಗ ಅಮ್ಮ ಬಂದು ಅವಳ ಮೊಣಕೈಯ ಕೆಳಗೆ ಎರಡು ಬೆರಳು ಇಡುತ್ತಿದ್ದಳು. ಎತ್ತುತ್ತಿರಲಿಲ್ಲ, ತಳ್ಳುತ್ತಿರಲಿಲ್ಲ. ಸುಮ್ಮನೆ ಮುಟ್ಟುವುದು, ಅಷ್ಟೇ. ತಾಳಕ್ಕ ಬರೆಯತೊಡಗುತ್ತಿದ್ದಳು. ಒಮ್ಮೆ ಶುರುವಾದರೆ ಪುಟ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ಇದೆಲ್ಲ ಮೇಜಿನ ಅಂಚಿನ ಕೆಳಗೆ ನಡೆಯುತ್ತಿತ್ತು. ಪಾಠದ ಹೊತ್ತಿನಲ್ಲಿ ಉಳಿದ ಆರು ಮಕ್ಕಳ ಗಲಾಟೆಯಲ್ಲಿ ದೊಡ್ಡ ಟೀಚರ ಕಣ್ಣಿಗೆ ಬಿದ್ದಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮೂಲೆಯಲ್ಲಿ ಕೂತು ಉರಿಯುತ್ತಿದ್ದ ನನ್ನ ಕಣ್ಣಿಗೆ ಬಿದ್ದಿತ್ತು.

ಒಂದು ದಿನ ನಾನೂ ಬೇಕೆಂದೇ ಪೆನ್ಸಿಲ್ ಇಟ್ಟುಕೊಂಡು ಸುಮ್ಮನೆ ಕೂತೆ. ಐದು ನಿಮಿಷ, ಹತ್ತು ನಿಮಿಷ. ಅಮ್ಮ ನೋಡಿದಳು.

"ಏನೇ, ಕೈ ಬಿದ್ದುಹೋಗಿದೆಯಾ? ಬರಿ!" ಎಂದಳು.

ಬರೆದೆ. ಬರೆಯುತ್ತ ಬರೆಯುತ್ತ ತಾಳಕ್ಕ ಸತ್ತುಹೋಗಲಿ ಎಂದು ಬೇಡಿಕೊಂಡೆ. ಒಂಬತ್ತು ವರ್ಷದವಳ ಬೇಡಿಕೆ, ದೇವರು ಕಿವಿಗೆ ಹಾಕಿಕೊಳ್ಳಲಿಲ್ಲ, ಪುಣ್ಯ.

ಹಾಗಿರುವಾಗ, ತಾಳಕ್ಕನನ್ನು ಮಹಡಿಯ ಮೇಲಿನ ನಾಲ್ಕನೇ ತರಗತಿಗೆ ಕಳಿಸುವುದೆಂದು ತೀರ್ಮಾನವಾಯಿತು. ಎರಡು ತಿಂಗಳು ನೋಡುವುದು. ಬೇರೆ ಮಕ್ಕಳ ಜೊತೆ ಕೂತು ತಾನೇ ಬರೆದರೆ ಅಲ್ಲೇ ಉಳಿಯುವುದು, ಇಲ್ಲವಾದರೆ ಕೆಳಗಿನ ಕೋಣೆಗೆ ವಾಪಸ್. ವಾಪಸ್ ಬಂದರೆ ಮತ್ತೊಂದು ಅವಕಾಶ ಇಲ್ಲ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿದ್ದರು. ಸುದ್ದಿ ಕೇಳಿ ಅವಳ ಅಪ್ಪ, ಬೀಗದವರು, ಅಳುತ್ತ ನಕ್ಕರು. ದೊಡ್ಡ ಟೀಚರ್ ಅಮ್ಮನ ಕೈ ಹಿಡಿದು, "ಇದು ನಿಮ್ಮ ಗೆಲುವು" ಎಂದರು. ಅಮ್ಮ ಮುಗುಳ್ನಕ್ಕಳು. ಮನೆಗೆ ಬಂದು ಪಾತ್ರೆಗಳನ್ನು ಎತ್ತಿ ಎತ್ತಿ ಕುಕ್ಕಿದಳು.

"ಐದು ವರ್ಷ ನಾನು ಸಾಕಿದ್ದು. ಒರೆಸಿದ್ದು, ತೊಳೆದಿದ್ದು ನಾನು. ಈಗ ಹೂವಿನ ಹಾಗೆ ಎತ್ತಿಕೊಂಡು ಹೋಗಿ ಆ ಇಸ್ತ್ರಿಯವಳ ಕೈಗೆ ಕೊಡ್ತಾರಂತೆ!"

ಇಸ್ತ್ರಿಯವಳು ಎಂದರೆ ನಾಲ್ಕನೇ ತರಗತಿಯ ನಮ್ಮ ಟೀಚರ್. ಹೊಸಬರು, ಸಣ್ಣ ವಯಸ್ಸು, ಎಷ್ಟು ಹೊತ್ತಿಗೆ ನೋಡಿದರೂ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ನಮಗೆಲ್ಲ ಅವರೆಂದರೆ ಪ್ರಾಣ. ಅಮ್ಮನಿಗೆ ಅವರ ಕೈ ಕಂಡರೆ ಆಗುತ್ತಿರಲಿಲ್ಲ. "ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಕೆಲಸ ಮಾಡಿದ ಕೈಯಾ ಅದು?" ಎಂದು ತನ್ನ ಮುಂಗೈಯ ಹಲ್ಲಿನ ಗುರುತುಗಳನ್ನು ಅಪ್ಪನಿಗೆ ತೋರಿಸುತ್ತಿದ್ದಳು, ಸೇನೆಯಿಂದ ಬಂದವರು ಪದಕ ತೋರಿಸುವ ಹಾಗೆ.

ಕಳಿಸುವ ಮುಂಚೆ ದೊಡ್ಡ ಟೀಚರ್ ಒಂದು ಕಡತ ಸಿದ್ಧಮಾಡಿದರು. ಗೋಡೆಯ ಬದಿಗೆ ಕೂರಿಸಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಬೆಲ್ ಹೊಡೆಯುವ ಮುಂಚೆ ತಿಳಿಸಿ, ಇಲ್ಲದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಹೀಗೆ ನಾಲ್ಕು ಪುಟ. ಬರೆಯುವುದರ ಬಗ್ಗೆ, 'ಶುರು ಮಾಡಲು ಸ್ವಲ್ಪ ಸಮಯ ಬೇಕು' ಎಂದಷ್ಟೇ ಇತ್ತು. ಅದೆಲ್ಲವನ್ನೂ ಓದಿ ಹೇಳಿ ಅಮ್ಮನನ್ನು ಕೇಳಿದರು. ನಾನು ಮೂಲೆಯಲ್ಲೇ ಇದ್ದೆ.

"ಏನಾದ್ರೂ ಬಿಟ್ಟಿದ್ದೀನಾ ನೋಡಿ. ನಿಮಗೆ ಗೊತ್ತಿರೋದು ನನಗೂ ಗೊತ್ತಿಲ್ಲ."

ಅಮ್ಮ ಚಾಪೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದಳು.

"ಎಲ್ಲಾ ಇದೆ ಮೇಡಂ," ಎಂದಳು.

ಎರಡು ಬೆರಳಿನ ವಿಷಯ ಕಡತ ಸೇರಲಿಲ್ಲ. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನಾನು ಪುಸ್ತಕದೊಳಗೆ ತಲೆ ಹಾಕಿದೆ.

ತಾಳಕ್ಕನನ್ನು ತಂದು ಕೂರಿಸಿದ್ದು ನನ್ನ ಪಕ್ಕದಲ್ಲಿ. ಗೋಡೆಯ ಬದಿಯ ಬೆಂಚು ನನ್ನದೇ ಆಗಿತ್ತು, ಮುಖ ಪರಿಚಯವೂ ಇತ್ತಲ್ಲ ಎಂದು. ಕೆಳಗಿನ ಕೋಣೆಯಲ್ಲಿ ಅಮ್ಮನನ್ನು ಕಿತ್ತುಕೊಂಡದ್ದು ಸಾಲದು ಎಂದು ಇಲ್ಲಿ ಬೆಂಚಿನ ಅರ್ಧವನ್ನೂ ಕಿತ್ತುಕೊಂಡಳು ಎಂದು ನನಗೆ ಮೈಯೆಲ್ಲ ಉರಿ. ಮೊದಲ ದಿನ ಅವಳು ಒಂದು ಗೀಟೂ ಎಳೆಯಲಿಲ್ಲ. ಟೀಚರ್ ಬಗ್ಗಿ ಮೆತ್ತಗೆ ಹೇಳಿದರು, ಕಾದರು, ಚಿತ್ರ ತೋರಿಸಿದರು. "ತಾಳು" ಎಂದಳು. ಅಷ್ಟೇ.

ಸಂಜೆ ಮನೆಯಲ್ಲಿ ಅಮ್ಮ ತರಕಾರಿ ಹೆಚ್ಚುತ್ತ, ಏನೂ ಆಗದವಳ ಹಾಗೆ ಕೇಳಿದಳು.

"ಇವತ್ತು ಬರೆದ್ಲಾ?"

"ಇಲ್ಲ."

"ಒಂದಕ್ಷರಾನೂ?"

"ಊಹೂಂ."

"ಪಾಪ," ಎಂದಳು. ಆ 'ಪಾಪ'ದ ಜೊತೆ ಮುಖ ಅರಳಿದ್ದನ್ನು ನೋಡಬೇಕಿತ್ತು. ಚಾಕು ಕೆಳಗಿಟ್ಟು ಬಂದು ನನ್ನ ಪಕ್ಕ ಕೂತಳು. ಕಿತ್ತಳೆ ಸುಲಿದು, ನಾರು ತೆಗೆದು, ಒಂದೊಂದೇ ತೊಳೆ ಕೈಗಿಟ್ಟಳು. ಟೀಚರ್ ಏನಂದರು, ತಾಳಕ್ಕ ಹೇಗೆ ಕೂತಿದ್ದಳು, ಎಲ್ಲ ಕೇಳಿದಳು. ನನ್ನ ಜಡೆ ಬಿಚ್ಚಿ ಬಾಚಿದಳು. ನಾನು ಹುಟ್ಟಿದ ಮೇಲೆ ಅಮ್ಮ ನನ್ನ ಪಕ್ಕದಲ್ಲಿ ಮುಕ್ಕಾಲು ಗಂಟೆ ಕೂತದ್ದು ಅದೇ ಮೊದಲು ಇರಬೇಕು. ಎರಡನೇ ದಿನವೂ ಹಾಗೇ ಆಯಿತು, ಮೂರನೇ ದಿನವೂ ಹಾಗೇ.

ನಾಲ್ಕನೇ ದಿನ ನನಗೆ ಒಂದು ಹುಚ್ಚು ಹತ್ತಿತು. ಅಮ್ಮನಿಗೆ ಆ ಮೊಣಕೈಯಲ್ಲಿ ಅಂಥದ್ದೇನು ಸಿಗುತ್ತದೆ, ನೋಡೋಣ ಎಂದು. ಟೀಚರ್ ಬೋರ್ಡಿನ ಕಡೆ ತಿರುಗಿದ್ದಾಗ, ಡೆಸ್ಕಿನ ಅಂಚಿನ ಕೆಳಗಿಂದ, ಎರಡು ಬೆರಳು ಇಟ್ಟೆ. ತಾಳಕ್ಕ ನನ್ನ ಕಡೆ ನೋಡಲೂ ಇಲ್ಲ. ಪೆನ್ಸಿಲ್ ಓಡತೊಡಗಿತು. ಬೋರ್ಡಿನ ಮೇಲಿದ್ದದ್ದನ್ನೆಲ್ಲ ಬರೆದು ಕೆಳಗೆ ಗೆರೆ ಎಳೆದಳು. ಟೀಚರ್ ಬಂದು ನೋಡಿ ಕೈ ತಟ್ಟಿದರು, ಕ್ಲಾಸಿನವರೆಲ್ಲ ತಟ್ಟಿದರು. ತಾಳಕ್ಕ ಕಿವಿ ಮುಚ್ಚಿಕೊಂಡು ನಕ್ಕಳು. ಅವಳ ಮೊಣಕೈ ಒರಟಾಗಿತ್ತು, ಬೆಚ್ಚಗಿತ್ತು. ಬೇರೆ ಏನೂ ಇರಲಿಲ್ಲ.

ಆ ಸಂಜೆ ಹೇಳಿಬಿಡಬೇಕು ಎಂದೇ ಮನೆಗೆ ಬಂದೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅಮ್ಮ ಕಿತ್ತಳೆ ಹಿಡಿದು ಕೂತಿದ್ದಳು.

"ಬರೆದ್ಲಾ?"

ಬಾಯಿ ತೆರೆದೆ. "ಇಲ್ಲ," ಎಂದೆ.

ಅಲ್ಲಿಂದ ಎರಡು ತಿಂಗಳು ನನ್ನ ಬದುಕು ಹೀಗೆ ಸಾಗಿತು: ಬೆಳಿಗ್ಗೆ ಅವಳಿಂದ ಬರೆಸುವುದು, ಸಂಜೆ ಬರೆಯಲಿಲ್ಲ ಎನ್ನುವುದು. ಬರೆಸದೆ ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಅಮ್ಮ ಒಬ್ಬಳಿಗೇ ಬರುತ್ತಿದ್ದ ವಿದ್ಯೆ ನನ್ನ ಬೆರಳಿಗೆ ಬಂದಿತ್ತು. ಬಿಡುವುದು ಹೇಗೆ?

ಇಷ್ಟು ದಿನ ಸುಳ್ಳು ಹೇಗೆ ಉಳಿಯಿತು ಎಂದರೆ, ಅದಕ್ಕೂ ಅಮ್ಮನ ಹೊಟ್ಟೆಕಿಚ್ಚೇ ಕಾವಲು. ಮಹಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಹಟ ಹಿಡಿದಿದ್ದಳು. ದೊಡ್ಡ ಟೀಚರ್ "ಚೆನ್ನಾಗಿ ಹೊಂದಿಕೊಂಡಿದ್ದಾಳಂತೆ" ಎಂದರೆ, "ಹೂಂ, ಅವರ ಮರ್ಯಾದೆ ಉಳಿಬೇಕಲ್ಲ, ಹೇಳ್ತಾರೆ" ಎಂದು ಮೂಗು ಮುರಿಯುತ್ತಿದ್ದಳು. ಬೀಗದವರು ಈಗ ಮಗಳನ್ನು ಮೂರೂವರೆಗೇ ಬಂದು ಗೇಟಿನಿಂದ ಕರೆದೊಯ್ಯುತ್ತಿದ್ದರು. ಒಮ್ಮೆ ಅಂಗಳದಲ್ಲಿ ತಾಳಕ್ಕ ಎದುರಾಗಿ, "ನಮ್ಮ ಟೀಚರ್ ನನಗೆ ಬಣ್ಣದ ಚಾಕ್ ಕೊಟ್ರು," ಎಂದಳಂತೆ. 'ನಮ್ಮ ಟೀಚರ್' ಎಂಬ ಆ ಮಾತನ್ನು ಅಮ್ಮ ಮನೆಯಲ್ಲಿ ನಾಲ್ಕು ಸಲ ಹೇಳಿದಳು. ಆಮೇಲೆ ಅಂಗಳದಲ್ಲಿ ಆ ಹುಡುಗಿ ಕಂಡರೆ ಮುಖ ತಿರುಗಿಸಿಕೊಂಡು ಹೋಗತೊಡಗಿದಳು.

ಎರಡು ತಿಂಗಳು ಮುಗಿದ ಶನಿವಾರ ಹೆಡ್‌ಮಿಸ್ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ದೊಡ್ಡ ಟೀಚರ್, ನಮ್ಮ ಟೀಚರ್, ಬೀಗದವರು, ತಾಳಕ್ಕ. ಐದು ವರ್ಷ ನೋಡಿಕೊಂಡವಳು ಎಂದು ಅಮ್ಮನಿಗೂ ಕುರ್ಚಿ ಹಾಕಿಸಿದ್ದರು. ತಾಳಕ್ಕನ ನೋಟ್‌ಬುಕ್ಕುಗಳನ್ನು ಹೊತ್ತು ತರಲು ಟೀಚರ್ ನನಗೆ ಹೇಳಿದ್ದರು. ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾನೂ ಹೋಗಲಿಲ್ಲ.

ಹೆಡ್‌ಮಿಸ್ ಮೊದಲು ಅಮ್ಮನನ್ನೇ ಕೇಳಿದರು. "ನಿಮ್ಮಷ್ಟು ಅವಳನ್ನ ಬಲ್ಲವರು ಇಲ್ಲ. ಏನನ್ಸುತ್ತೆ ನಿಮಗೆ?"

ಅಮ್ಮ ಇದಕ್ಕೆಂದೇ ತಯಾರಾಗಿ ಬಂದಿದ್ದಳು. ಬೆಳಿಗ್ಗೆ ಬಚ್ಚಲುಮನೆಯಲ್ಲಿ ಹೇಳಿಕೊಂಡು ಅಭ್ಯಾಸ ಮಾಡಿದ್ದು ನನಗೆ ಕೇಳಿಸಿತ್ತು.

"ನಾನು ಓದಿದವಳಲ್ಲ ಮೇಡಂ, ತಪ್ಪಿದ್ರೆ ಕ್ಷಮಿಸಿ. ಮಗು ಮೇಲೆ ಹೋಗಿ ಎರಡು ತಿಂಗಳಾಯ್ತು. ಒಂದಕ್ಷರ ಬರೆದಿಲ್ಲ. ಅಲ್ಲಿ ಕೂರಿಸಿ ಯಾಕೆ ಒಣಗಿಸ್ತೀರಿ? ನಮ್ಮ ಕೋಣೆಗೆ ಕಳಿಸಿಬಿಡಿ."

ನಮ್ಮ ಟೀಚರ್ ಗಾಬರಿಯಿಂದ ಕೇಳಿದರು. "ಬರೆದಿಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಮೊದಲ ನೋಟ್‌ಬುಕ್ ತೆರೆದು ಅಮ್ಮನ ಮುಂದೆ ಸರಿಸಿದರು. ಅಮ್ಮ ಒಂದು ಪುಟ ತಿರುಗಿಸಿದಳು, ಎರಡು ತಿರುಗಿಸಿದಳು. ಆ ದುಂಡು ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂರನೇ ಪುಟಕ್ಕೆ ಕೈ ನಿಂತಿತು. ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು ನನಗೆ.

ಹೆಡ್‌ಮಿಸ್ ಒಂದು ಬಿಳಿ ಹಾಳೆ ತೆಗೆದು ತಾಳಕ್ಕನ ಮುಂದಿಟ್ಟರು. "ಯಾಕೆ ವಾದ? ಇಲ್ಲೇ ನಾಲ್ಕು ಸಾಲು ಬರೀಲಿ. ಅಪ್ಪನ ಅಂಗಡಿ ಬಗ್ಗೆ ಬರಿ ಪುಟ್ಟ."

"ತಾಳು," ಎಂದಳು ತಾಳಕ್ಕ. ಪೆನ್ಸಿಲ್ ಹಾಳೆಯ ಮೇಲಿಟ್ಟು ಕೂತಳು. ಕೂತೇ ಇದ್ದಳು. ಗೋಡೆ ಗಡಿಯಾರದ ಮುಳ್ಳು ಐದು ನಿಮಿಷ ದಾಟಿತು. ಬೀಗದವರು ಎರಡು ಕೈಯನ್ನೂ ಮಂಡಿಯ ಸಂದಿಗೆ ಸಿಕ್ಕಿಸಿಕೊಂಡು, "ಮನೇಲಿ ಬಾಯಲ್ಲಿ ಎಲ್ಲಾ ಹೇಳ್ತಾಳೆ ಮೇಡಂ, ಯಾವ ಬೀಗಕ್ಕೆ ಯಾವ ಕೀ ಅಂತ ನನಗಿಂತ ಚೆನ್ನಾಗಿ ಹೇಳ್ತಾಳೆ," ಎಂದರು. ನಮ್ಮ ಟೀಚರ ಹಣೆಯಲ್ಲಿ ಬೆವರು. "ದಿನಾ ಬರೀತಾಳೆ, ನಿಜವಾಗ್ಲೂ," ಎಂದರು. ಹೆಡ್‌ಮಿಸ್ ನೋಟ್‌ಬುಕ್ಕನ್ನು ಮತ್ತೆ ಎಳೆದುಕೊಂಡು ನೋಡಿದರು.

"ಪಕ್ಕದಲ್ಲಿ ಕೂತ ಹುಡುಗಿ ಬರೆದುಕೊಡ್ತಿರಬಹುದಾ?"

ಹೆಡ್‌ಮಿಸ್ ಪೆನ್ನಿನ ಮುಚ್ಚಳ ತೆಗೆದರು.

ಅಮ್ಮನ ಕುರ್ಚಿ ತಾಳಕ್ಕನ ಕುರ್ಚಿಗೆ ತಾಗಿಕೊಂಡೇ ಇತ್ತು. ಆ ಮೊಣಕೈ ಅವಳಿಂದ ಒಂದು ಗೇಣು. ಸುಮ್ಮನಿದ್ದರೆ ಹುಡುಗಿ ಕೆಳಗಿನ ಕೋಣೆಗೆ ಬರುತ್ತಾಳೆ. ಅಮ್ಮ ತಾನೇ ಮುಟ್ಟಿದರೂ ಬರುತ್ತಾಳೆ. ಈ ಆಯಾ ಇದ್ದರೆ ಮಾತ್ರ ಬರೆಯುವ ಮಗು, ಆಯಾಳ ಹತ್ತಿರವೇ ಇರಲಿ ಎನ್ನುತ್ತಾರೆ. ಎರಡು ದಾರಿಯೂ ಅಮ್ಮನ ಕೋಣೆಯ ಬಾಗಿಲಿಗೇ. ಅವಳ ಕೈ ಮುಂದೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅರ್ಧಕ್ಕೆ ನಿಂತಿತು. ಹಿಂದೆ ತೆಗೆದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತಳು.

"ನನ್ನ ಮಗಳು ಹೊರಗೇ ಇದ್ದಾಳೆ ಮೇಡಂ. ಅವಳನ್ನ ಕರೀರಿ," ಎಂದಳು.

ಒಳಗೆ ಹೋದೆ. ಅಮ್ಮ ನನ್ನ ಮುಖ ನೋಡದೆ ಹೇಳಿದಳು.

"ಕ್ಲಾಸಲ್ಲಿ ಏನ್ ಮಾಡ್ತೀಯೋ ಅದನ್ನ ಎಲ್ಲರಿಗೂ ಕಾಣೋ ಹಾಗೆ ಮಾಡು."

ನಾನು ತಾಳಕ್ಕನ ಮೊಣಕೈ ಕೆಳಗೆ ಎರಡು ಬೆರಳಿಟ್ಟೆ. ಅವಳು ಬರೆದಳು. ಮೊದಲು ತಾರೀಖು. ಆಮೇಲೆ, 'ಅಪ್ಪನ ಅಂಗಡಿಯಲ್ಲಿ ನೂರಾರು ಕೀ ಇವೆ. ಯಾವುದೂ ನಮ್ಮ ಮನೆಯದಲ್ಲ.' ನಾಲ್ಕು ಸಾಲು ಕೇಳಿದರೆ ಹನ್ನೊಂದು ಬರೆದಳು. ಬೀಗದವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಇದು ಕಡತದಲ್ಲಿ ಇಲ್ವಲ್ಲ!" ಎಂದರು ದೊಡ್ಡ ಟೀಚರ್.

"ನೀವು ಕೇಳಿದಾಗ ಎಲ್ಲಾ ಇದೆ ಅಂದೆ," ಎಂದಳು ಅಮ್ಮ. "ಇದೊಂದು ಇರ್ಲಿಲ್ಲ. ಗೊತ್ತಿದ್ದೂ ಬರೆಸ್ಲಿಲ್ಲ. ಹೊಟ್ಟೆ ಉರೀತಿತ್ತು ಮೇಡಂ. ನಾನಿಲ್ದೆ ಅವಳು ಬರೀಬಾರ್ದು ಅನ್ನಿಸ್ತು."

ಹೆಡ್‌ಮಿಸ್ ಬೈಯುತ್ತಾರೆ ಎಂದುಕೊಂಡೆ. ಬೈದರು ಕೂಡ, ಚೆನ್ನಾಗಿಯೇ. ಆದರೆ ಪೆನ್ನಿನಲ್ಲಿ ಬರೆದದ್ದು, 'ನಾಲ್ಕನೇ ತರಗತಿಯಲ್ಲೇ ಮುಂದುವರಿಯಲಿ' ಎಂದು. ಮುಟ್ಟುವುದನ್ನು ಹೇಗೆ ಬಿಡಿಸಬೇಕೆಂದು ದೊಡ್ಡ ಟೀಚರ್ ಅಲ್ಲೇ ನನಗೂ ನಮ್ಮ ಟೀಚರಿಗೂ ಹೇಳಿಕೊಟ್ಟರು: ಎರಡು ಬೆರಳಿಂದ ಒಂದು ಬೆರಳು, ಆಮೇಲೆ ತೋಳಿನ ಬಟ್ಟೆ, ಆಮೇಲೆ ಬರೀ ಪಕ್ಕದಲ್ಲಿ ಕೈ. ಐದನೇ ತರಗತಿಗೆ ಹೋಗುವಷ್ಟರಲ್ಲಿ ತಾಳಕ್ಕನಿಗೆ ಯಾರ ಬೆರಳೂ ಬೇಕಾಗಲಿಲ್ಲ.

ಆ ಶನಿವಾರ ಮಧ್ಯಾಹ್ನ ನಾನೂ ಅಮ್ಮನೂ ನಡೆದೇ ಮನೆಗೆ ಹೊರಟೆವು. ಅವಳು ಎರಡು ಹೆಜ್ಜೆ ಮುಂದೆ. ಸೈಕಲ್ ಅಂಗಡಿ ದಾಟಿತು, ಔಷಧಿ ಅಂಗಡಿ ದಾಟಿತು. ರಸ್ತೆ ದಾಟಲು ನಿಂತಾಗ ಕೇಳಿದಳು.

"ದಿನಾ ಬರೀತಿದ್ಲಾ?"

"ಹೂಂ."

"ಮತ್ತೆ ನನ್ನ ಹತ್ರ ಯಾಕೆ ಇಲ್ಲ ಅಂತಿದ್ದೆ?"

"ಇಲ್ಲ ಅಂದ್ರೆ ನೀನು ನನ್ನ ಪಕ್ಕ ಕೂತ್ಕೋತಿದ್ದೆ."

ರಸ್ತೆ ಖಾಲಿಯಾಯಿತು. ಅಮ್ಮ ದಾಟಲಿಲ್ಲ. ಮತ್ತೆ ವಾಹನಗಳು ಬಂದವು, ಹೋದವು, ಮತ್ತೆ ಖಾಲಿಯಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯಲಿಲ್ಲ, ಮುದ್ದಿಸಲೂ ಇಲ್ಲ. ಅದು ಅವಳಿಗೆ ಬರುತ್ತಿರಲಿಲ್ಲ. ಸಿಡುಕಿನ ದನಿಯಲ್ಲಿ ಹೇಳಿದಳು.

"ನೀನು ಮುಟ್ಟಿದಾಗ ಅವಳು ನಾನು ಮುಟ್ಟಿದಾಗ ಬರೆದಿದ್ದಕ್ಕಿಂತ ಜೋರಾಗಿ ಬರೆದ್ಲು. ನಿನ್ನ ಮೇಲೂ ಹೊಟ್ಟೆಕಿಚ್ಚಾಯ್ತು ಹೋಗೇ ನನಗೆ."

ಪಕ್ಕದ ಮನೆಯವರು, ದೊಡ್ಡಮ್ಮ, ಇಸ್ತ್ರಿ ಟೀಚರ್, ಎಲ್ಲರಿಗೂ ಸಿಕ್ಕಿದ್ದು ಅಂತೂ ನನಗೂ ಸಿಕ್ಕಿತ್ತು. ಅಷ್ಟು ಖುಷಿ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.